ಬುರುಜಿನ ನಡುವಿನ ಮೆಟ್ಟಿಲು

ಬಾಜೂ ಮನೆಯವರು ಬೆಣ್ಣೆ ಕಾಯಿಸುತ್ತಿದ್ದರು. ಬೀದರಿನ ಮೈಲೂರಿನ ನಮ್ಮ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಒಬ್ಬರು ಒಗ್ಗರಣೆ ಹಾಕಿದರೆ ಇನ್ನೊಬ್ಬರು ಸೀನಬೇಕು. ಬೆಣ್ಣೆ ಕರಗಿ, ನೊರೆ ಇಳಿದು, ಕೊನೆಗೆ ವೀಳ್ಯದೆಲೆ ಬಿದ್ದು ಚಟಚಟ ಅಂದದ್ದೂ ನನಗೆ ಕೇಳಿಸಿತು. ಆಯಿಗೆ ಕಿವಿ ಮಂದ ಆಗ್ಯಾವ ಅಂತ ಮನೆಯವರು ನನ್ನ ಬಗ್ಗೆ ಹೇಳುತ್ತಾರೆ. ಬೇಕಾದದ್ದು ಕೇಳಿಸುತ್ತದೆ. ಆ ವಾಸನೆ ಗೋಡೆ ದಾಟಿ ಬಂದದ್ದೇ ತಡ, ನಮ್ಮ ಮನೆಯಲ್ಲಿ ಎಲ್ಲರೂ ಮೊಮ್ಮಗನ ಕಡೆ ನೋಡಿದರು. ಅವನು ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವನ ಹೆಂಡತಿ ಎದ್ದು ಹೋಗಿ ಕಿಟಕಿ ಹಾಕಿದಳು.

"ವಾಸನಿ ನಾಳದಾಗ ಹೋಗಿ ಕುಂದ್ರೂದಿಲ್ಲ, ಕಿಟಕಿ ತೆಗಿ" ಅಂದೆ. ಅವಳು ತೆಗೆಯಲಿಲ್ಲ. ಕಿಟಕಿ ಹಾಕಿದರೂ ವಾಸನೆ ಒಳಗೇ ಉಳಿದಿತ್ತು, ಅದರ ಹಿಂದೆಯೇ ನೆನಪಿನಲ್ಲಿ ಅಕ್ಕ ಬಂದಳು... ಬಲಗೈಯಲ್ಲಿ ಹಿತ್ತಾಳೆಯ ಬಟ್ಟಲು, ಅದರಲ್ಲಿ ಬೆಚ್ಚಗಿನ ತುಪ್ಪ, ಮೇಲೆ ಕುಟ್ಟಿದ ಮೆಣಸಿನ ಪುಡಿ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಹೆಸರು ಹಿಡಿದು ಅವಳನ್ನು ಎಂದೂ ಕರೆದವಳಲ್ಲ ನಾನು, ಈಗ ಬರೆಯುವುದಕ್ಕೂ ಕೈ ಬರುವುದಿಲ್ಲ. ಈ ಸ್ಟೆಂಟ್ ಹಾಕಿಸಿಕೊಂಡವನು ಅವಳ ಮೊಮ್ಮಗ. ನನಗೆ ಮಕ್ಕಳಾಗಲಿಲ್ಲ. ಸಾಲಿಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿ, ಗಂಡನನ್ನು ಕಳೆದುಕೊಂಡು, ಕೊನೆಗೆ ಇವನ ಮನೆ ಸೇರಿದೆ. ತೊಂಬತ್ತು ದಾಟಿದ ಮುದುಕಿಯನ್ನು ಇಟ್ಟುಕೊಂಡಿದ್ದಾನೆ, ಪುಣ್ಯಾತ್ಮ.

ನಮ್ಮ ಊರು ಠಾಣಾ ಕುಶನೂರಿನ ಆಚೆ, ಔರಾದ ತಾಲೂಕಿನಲ್ಲಿ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ನಿಜಾಮನ ಆಳ್ವಿಕೆ. ಅಕ್ಕ ನನಗಿಂತ ಮೊದಲೇ ಬಂದಿದ್ದಳು, ಭಾಲ್ಕಿಯ ತುಪ್ಪದ ವ್ಯಾಪಾರಿಯ ಮಗಳು. ಎತ್ತರದ ಹೆಂಗಸು, ಮಾತು ಖಡಕ್. ಹೊಸ ಸೊಸೆಗೆ ಅತ್ತೆ ಏನಾದರೂ ಅನ್ನುವ ಮೊದಲೇ "ಅದು ನಂದೇ ತಪ್ಪರಿ ಅತ್ತಿ" ಅಂತ ನಡುವೆ ಬರುತ್ತಿದ್ದಳು. ರೊಟ್ಟಿ ಬಡಿಯಲು ಬಾರದ ನನಗೆ ಅವಳು ಬಯ್ದೂ ಕಲಿಸಿದಳು, ನಕ್ಕೂ ಕಲಿಸಿದಳು. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ಹೋಗಿದ್ದಳು. ಹಾಗಾಗಿ ಅಕ್ಕ ಅಂದರೆ ನನಗೆ ಎರಡೂ ಆಗಿದ್ದಳು.

ಆ ಮನೆತನದ ಗಂಡಸರಿಗೆ ಒಂದು ಗುರುತಿತ್ತು. ಕಣ್ಣಿನ ಒಳತುದಿಯಲ್ಲಿ, ರೆಪ್ಪೆಯ ಮೇಲೆ, ಹಳದಿ ಜೋಳದ ಕಾಳಿನಂಥ ಸಣ್ಣ ಉಬ್ಬು. ಹಿಮ್ಮಡದ ಮೇಲೆಯೂ ಗಂಟು. ನಮ್ಮ ಮಾವನಿಗೆ ಇತ್ತಂತೆ. ಅವರು ಕಣದಲ್ಲಿ ರಾಶಿ ಮಾಡುತ್ತ ಕುಸಿದು, ನಡುವಯಸ್ಸಿಗೇ ಹೋದವರು. ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಇತ್ತು. ಅದನ್ನು ಮನೆಯಲ್ಲಿ ಲಕ್ಷ್ಮಿ ಕಾಳು ಅನ್ನುತ್ತಿದ್ದರು. ತುಪ್ಪ ಉಂಡ ಮನೆತನ, ಅದಕ್ಕೇ ಕಣ್ಣಲ್ಲಿ ತುಪ್ಪ ಹೆಪ್ಪುಗಟ್ಟಿದೆ ಅಂತ ಹೆಮ್ಮೆ. ಅಕ್ಕನ ಅಪ್ಪ ವರ ನೋಡಲು ಬಂದವನು ಹೊಲ ನೋಡುವ ಮೊದಲು ಕಣ್ಣು ನೋಡಿ, "ಮನಿ ಚೊಲೋದದ" ಅಂದು ಹೆಣ್ಣು ಕೊಟ್ಟಿದ್ದನಂತೆ. ನನ್ನ ಗಂಡನಿಗೆ ಆ ಕಾಳು ಇರಲಿಲ್ಲ. "ನಿನ್ನ ಗಂಡಗ ಲಕ್ಷ್ಮಿ ಒಲಿದಿಲ್ಲ ನೋಡವ್ವ" ಅಂತ ಅತ್ತೆ ನನ್ನ ಮುಂದೆ ಎಷ್ಟು ಸಲ ಅಂದಿರಬೇಕು. ಲಕ್ಷ್ಮಿ ಒಲಿಯದ ಆ ಮನುಷ್ಯ ಎಂಬತ್ತು ದಾಟಿ ಬದುಕಿ, ಹಲ್ಲಿಲ್ಲದ ಬಾಯಲ್ಲಿ ನನ್ನ ಜೊತೆ ಜಗಳಾಡಿಯೇ ಹೋದರು.

ಪೊಲೀಸ್ ಆಕ್ಷನ್ ಆದ ವರ್ಷ, ಅಂದರೆ ನಲವತ್ತೆಂಟು. ನಿಜಾಮನ ಪರವಾಗಿ ಬಂದೂಕು ಹಿಡಿದ ರಜಾಕಾರರ ಅಂಜಿಕೆ ಊರೂರಿಗೂ ಹೊಕ್ಕಿತ್ತು. ಔರಾದ ಸಂತೆಗೆ ಹೋದವರು ಸಾಮಾನು ತರುತ್ತಿರಲಿಲ್ಲ, ಸುದ್ದಿ ತರುತ್ತಿದ್ದರು. ಅಲ್ಲಿ ಬೆಂಕಿ ಹಚ್ಚಿದರಂತೆ, ಇಲ್ಲಿ ಒಬ್ಬನನ್ನು ಒಯ್ದರಂತೆ... ಎಕಂಬಾದ ನಮ್ಮ ಬೀಗರು ಅರ್ಧ ಮನೆಯನ್ನೇ ಗಾಡಿಗೆ ಹೇರಿಕೊಂಡು ನಿಜಾಮನ ಗಡಿ ದಾಟಿ ಹೋದರು. ನಮ್ಮೂರಿನವರು ಹೋಗಲಿಲ್ಲ. ಊರ ನಡುವೆ ಹಳೇ ಬುರುಜು ಇತ್ತು, ಎತ್ತರದ ಕಲ್ಲಿನ ಗೋಪುರ. ಅದುವರೆಗೆ ಅದರ ಮೇಲೆ ಆಡು ಮಲಗುತ್ತಿದ್ದವು. ಈಗ ಮನೆಗೊಬ್ಬ ಗಂಡಸು ಸರದಿಯ ಮೇಲೆ ಹತ್ತಿ ಪಹರೆ ಕೂಡಬೇಕು ಅಂತ ಊರು ಗೊತ್ತು ಮಾಡಿತು. ಮೇಲೆ ಕಲ್ಲಿನ ರಾಶಿ, ಕವಣೆ, ಬಡಿಯಲು ಒಂದು ಹಲಗೆ.

ಬುರುಜಿನ ಮೆಟ್ಟಿಲು ಕಡಿದಾದವು. ಅರ್ಧ ಹತ್ತುವಷ್ಟರಲ್ಲಿ ಭಾವನಿಗೆ ಎದೆ ಹಿಡಿಯುತ್ತಿತ್ತು. ಮುಖದ ಮೇಲೆ ಬೆವರು, ಎಡಗೈ ಉಜ್ಜಿಕೊಳ್ಳುವುದು, ಮಾತಾಡಿಸಿದರೆ ಮಾತಿಲ್ಲ. ನಡುವೆ ಒಂದು ಅಗಲವಾದ ಮೆಟ್ಟಿಲಿತ್ತು, ಅದರ ಮೇಲೆ ಕೂತುಬಿಡುತ್ತಿದ್ದರು. ಒಂದು ಎಲೆಅಡಿಕೆ ಜಗಿಯುವಷ್ಟು ಹೊತ್ತು ಕೂತರೆ ಎಲ್ಲ ಇಳಿದು ಮೊದಲಿನಂತಾಗುತ್ತಿದ್ದರು. ಆಮೇಲೆ ಎದ್ದು ಮೇಲೆ ಹೋಗಿ ಎಲ್ಲರಷ್ಟೇ ಹೊತ್ತು ಪಹರೆ ಮಾಡುತ್ತಿದ್ದರು. ಆದರೆ ಮೇಲೆ ಕೂತದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನಡುವೆ ಕೂತದ್ದನ್ನೇ ಊರು ನೋಡಿತು.

ಗೌಡರ ಮನೆಯಲ್ಲಿ ಒಬ್ಬ ಇದ್ದ, ಆಗಿನ್ನೂ ಮೀಸೆ ಚಿಗುರುತ್ತಿದ್ದ, ನಾಲಿಗೆ ಮಾತ್ರ ಪೂರ್ತಿ ಬೆಳೆದಿತ್ತು. ಬುರುಜಿನ ಮೇಲಿಂದ ಬಗ್ಗಿ ನೋಡಿ, "ಅಣ್ಣಾರಿಗಿ ಬುರುಜು ಕಂಡ್ರೇ ಎದಿ ಹಿಡಿತದ, ರಜಾಕಾರ ಕಂಡ್ರ ಇನ್ನೇನು ಹಿಡಿತದೋ" ಅಂದನಂತೆ. ಎಲ್ಲರೂ ನಕ್ಕರು. ಸಂಜೆಯೊಳಗೆ ಆ ಮಾತು ಬಾವಿಕಟ್ಟೆಗೆ ಬಂದಿತ್ತು. ಅಂಜುಬುರುಕ ಅನ್ನುವ ಹೆಸರು ಭಾವನಿಗೆ ಅಂಟಿದ್ದು ಹಾಗೆ.

ಅದೇ ಬೇಸಿಗೆಯಲ್ಲಿ ಬಂದೂಕು ಹಿಡಿದವರು ನಮ್ಮ ಕಣಕ್ಕೆ ಬಂದು ಜೋಳ ಕೇಳಿದ್ದರು. ಭಾವ ಒಬ್ಬರೇ ರಾಶಿಯ ಮುಂದೆ ನಿಂತು, ಅವರದೇ ಉರ್ದುವಿನಲ್ಲಿ, ಒಂದು ಚೀಲ ಒಯ್ಯಿರಿ, ಎರಡನೆಯದಕ್ಕೆ ಕೈ ಹಾಕುವುದಾದರೆ ನನ್ನನ್ನು ದಾಟಿ ಹೋಗಿ ಅಂದಿದ್ದರು. ಅವರು ಒಂದೇ ಚೀಲ ಒಯ್ದರು. ಆಗ ಭಾವನ ಎದೆ ಹಿಡಿಯಲಿಲ್ಲ. ಸಪಾಟು ನೆಲದ ಮೇಲೆ ನಿಂತಿದ್ದರಲ್ಲ! ಆದರೆ ಆ ಲೆಕ್ಕ ಆಗ ಯಾರಿಗೆ ಹೊಳೆಯಬೇಕು? ಆ ಕಾಲದಲ್ಲಿ ಎದೆನೋವಿಗೆ ನಮ್ಮ ಕಡೆ ಎರಡೇ ಹೆಸರು: ವಾಯು, ಇಲ್ಲ ಅಂದರೆ ಅಂಜಿಕೆ. ಬುರುಜಿನ ಮೇಲೆ ವಾಯು ಹ್ಯಾಂಗ ಬರುತ್ತದೆ ಅಂತ ನಕ್ಕರು, ಅಂಜಿಕೆಯೇ ಅಂತ ತೀರ್ಮಾನ ಮಾಡಿದರು.

ಅಕ್ಕ ಹುಚ್ಚಿಯಾದಳು. ಬೇರೆ ಮಾತು ನನಗೆ ಸಿಗುವುದಿಲ್ಲ. ಅಂಜಿಕೆ ಹೊಕ್ಕವರಿಗೆ ಕುಡುಗೋಲು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಆ ನೀರು ಕುಡಿಸುವ ಪದ್ಧತಿ ನಮ್ಮಲ್ಲಿತ್ತು. ಅದನ್ನು ದಿನಾ ಮಾಡಿದಳು. ಸೊಂಟಕ್ಕೆ ತಾಯಿತ ಕಟ್ಟಿದಳು. ಔರಾದದ ಹಕೀಮರು, ಎದೆ ಬಡವಾಗಿದೆ, ತುಪ್ಪ ಕೊಡಿ ಅಂದದ್ದೇ ಸಾಕಾಯಿತು. ತವರಿನಿಂದ ಬಂದ ತುಪ್ಪದ ಡಬ್ಬಿ ಅಡುಗೆಮನೆಯಿಂದ ಅವಳ ಕೋಣೆಗೆ ಹೋಯಿತು. ಮುಂಜಾನೆ ತುಪ್ಪ ಮೆಣಸು, ಮಧ್ಯಾಹ್ನ ಅನ್ನ ಮುಳುಗುವಷ್ಟು ತುಪ್ಪ, ಸಂಜೆ ಹಾಲಿನಲ್ಲಿ ತುಪ್ಪ. ಭಾವ ಸಾಕು ಅಂದರೆ ಅವಳ ಕಣ್ಣಲ್ಲಿ ನೀರು. ಸಾಕು ಅನ್ನುವುದನ್ನೂ ಬಿಟ್ಟರು.

"ಬೀದರಿಗಿ ಒಯ್ಯೋಣ್ರಿ ಅತ್ತಿ, ದೊಡ್ಡ ದವಾಖಾನಿಯಾಗ ತೋರಸೋಣ" ಅಂತ ಅತ್ತೆಯ ಕಾಲು ಹಿಡಿದಳು ಒಮ್ಮೆ.

"ಈಗ ಊರ ಬಿಟ್ಟು ಹೋದ್ರ ಓಡಿಹೋದ ಅಂತಾರ. ನನ್ನ ಮಗ ಇದೇ ಊರಾಗ ತಲಿ ಎತ್ತಿ ತಿರುಗಬೇಕಾಗ್ಯಾದ" ಅಂದರು ಅತ್ತೆ. ಅವರೂ ಕೆಟ್ಟವರಲ್ಲ. ಒಂದು ಮಾತಿಗೆ ಅಂಜಿ ಇನ್ನೊಂದು ಮಾತು ಕೇಳದೆ ಹೋದರು. ಹೋಗಬೇಕೆಂದರೂ ದಾರಿ ಎಲ್ಲಿತ್ತು? ಮಾಂಜ್ರಾ ತುಂಬಿ ಹರಿಯುತ್ತಿತ್ತು. ನದಿ ದಾಟಿ ಭಾಲ್ಕಿ ಮುಟ್ಟಿದರೂ ರೈಲುಗಾಡಿ ಬರುತ್ತದೋ ಇಲ್ಲವೋ, ಬಂದರೆ ಅದರಲ್ಲಿ ಯಾರಿರುತ್ತಾರೋ.

ಒಂದು ದಿನ ಭಾವ ಉಣ್ಣುತ್ತ ಕೂತಿದ್ದರು, ಅಕ್ಕ ಬಡಿಸುತ್ತಿದ್ದಳು, ನಾನು ಒಲೆಯ ಮುಂದಿದ್ದೆ. ಕೈಯಲ್ಲಿನ ತುತ್ತು ಹಾಗೇ ಹಿಡಿದು, "ಏನಂತೀ, ನನಗ ಅಂಜಿಕಿ ಅನಸೂದಿಲ್ಲ. ಆದರ ಎದಿ ಅಂಜ್ತದ. ಇದು ಹ್ಯಾಂಗ?" ಅಂದರು. ಅಕ್ಕ ಇನ್ನೊಂದು ಸಲ ತುಪ್ಪ ಹಾಕಿದಳು. ಕೊನೆಕೊನೆಗೆ ಆ ಮನುಷ್ಯ ತಾನು ಅಂಜುಬುರುಕನೇ ಅಂತ ನಂಬಿಬಿಟ್ಟಿದ್ದರು.

ಆ ಮುಂಜಾನೆ ಹಲಗೆ ಬಡಿದರು. ಔರಾದ ದಾರಿಯ ಕಡೆ ಗಾಡಿಗಳ ಸಾಲು ಕಾಣುತ್ತಿದೆ, ಬಹಳ ಮಂದಿ ಬರುತ್ತಿದ್ದಾರೆ ಅಂತ ಕೂಗು. ಊರೆಲ್ಲ ಬುರುಜಿನ ಕಡೆ ಓಡಿತು. ಭಾವ ರುಮಾಲು ಸುತ್ತಿಕೊಂಡು ಪಡಸಾಲೆಗೆ ಬಂದರು. ಅಕ್ಕ ತುಪ್ಪದ ಬಟ್ಟಲು ಕೊಟ್ಟಳು, ಕುಡಿದರು. ಬಟ್ಟಲು ಇಸಿದುಕೊಳ್ಳುತ್ತ ಅವಳು ಸಣ್ಣ ದನಿಯಲ್ಲಿ ಹೇಳಿದಳು: "ಇವತ್ತೊಂದಿನ ನಡುವ ಕುಂದ್ರಬ್ಯಾಡ್ರಿ. ಊರೆಲ್ಲಾ ನೋಡ್ಲತ್ತದ."

ಬಾಗಿಲಲ್ಲಿ ನಾನು ಇದ್ದೆ, ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಭಾವ ಅವಳ ಮುಖ ನೋಡಿ, "ಆಯ್ತು" ಅಂದರು. ಸಿಟ್ಟಿರಲಿಲ್ಲ. ಹೆಂಡತಿ ಕೇಳಿದ್ದು ಒಂದು ಸಣ್ಣ ಸಾಮಾನು, ತಂದುಕೊಡುತ್ತೇನೆ ಅನ್ನುವ ಹಾಗಿತ್ತು ಅವರ ದನಿ.

ಕೂಡಲಿಲ್ಲ. ಹೆಗಲ ಮೇಲೆ ಕಲ್ಲಿನ ಬುಟ್ಟಿ ಹೊತ್ತು, ಎಲ್ಲರಿಗಿಂತ ಮುಂದೆ, ಒಂದೇ ಉಸಿರಿಗೆ ಹತ್ತಿದರು. ನಡುವಿನ ಮೆಟ್ಟಿಲು ದಾಟುವಾಗ ಕೆಳಗಿದ್ದ ಹೆಂಗಸರ ಗುಂಪಿನಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು, ಅವಳ ಮುಖ ಅರಳಿತ್ತು. ಮೇಲೆ ಮುಟ್ಟಿ ಬುಟ್ಟಿ ಇಳಿಸಿದರು. ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಜಾರಿ ಕೂತರು. ಮತ್ತೆ ಏಳಲಿಲ್ಲ.

ಬರುತ್ತಿದ್ದವರು ರಜಾಕಾರರಲ್ಲ. ಪಕ್ಕದ ಊರಿನವರೇ, ಮಕ್ಕಳುಮರಿ, ದನಕರು ಹೊಡೆದುಕೊಂಡು ನಮ್ಮೂರಿಗೆ ಆಸರೆ ಕೇಳಿ ಬಂದವರು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿಯೇ ಒಯ್ದು ಕೂರಿಸಿಯೇ ಮಣ್ಣು ಕೊಡುವುದು. ಭಾವನನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಕೊರಳಿಗೆ ಹೂವು ಹಾಕಿದರು. ಅದುವರೆಗೆ ಕಲ್ಲಿನಂತಿದ್ದ ಅಕ್ಕ ಅದನ್ನು ನೋಡಿದ್ದೇ, "ಈಗ ಎಲ್ಲಾರೂ ಕೂಡಿ ಕುಂದರಿಸಿದ್ರೇನ್ರೋ, ಈಗ ಕುಂದರಿಸಿದ್ರೇನು" ಅಂತ ಎದೆ ಎದೆ ಬಡಿದುಕೊಂಡಳು. ದುಃಖದಲ್ಲಿ ಏನೋ ಅನ್ನುತ್ತಾಳೆ ಅಂತ ಹೆಂಗಸರು ಅವಳನ್ನು ಒಳಗೆ ಎಳೆದುಕೊಂಡು ಹೋದರು. ಅರ್ಥವಾದದ್ದು ನನಗೊಬ್ಬಳಿಗೆ. ಅಂಗಳದಲ್ಲಿ ಗಂಡಸರು, ಅಂಜಿಯೇ ಎದೆ ಒಡೆದುಕೊಂಡ ಪಾಪ, ಅಂತ ಮಾತಾಡುತ್ತಿದ್ದರು.

ಕೆಲವೇ ದಿನಕ್ಕೆ ಹಿಂದುಸ್ತಾನದ ಫೌಜು ಬೀದರಿಗೆ ಬಂತು, ನಿಜಾಮ ಕೈ ಎತ್ತಿದ ಅಂತ ಸುದ್ದಿ. ಬುರುಜು ಹತ್ತುವ ಕೆಲಸವೇ ಮುಗಿಯಿತು. ಒಂದು ವಾರ, ಒಂದೇ ಒಂದು ವಾರ ಆ ಎದೆ ತಡೆದಿದ್ದರೆ... ಬುರುಜಿನ ಮೇಲೆ ಧೈರ್ಯ ತೋರಿಸಿದವರಲ್ಲಿ ಕೆಲವರು ಆಮೇಲೆ ನಮ್ಮೂರಿನ ಪಿಂಜಾರರ ಮನೆಯ ಬಾಗಿಲು ಒಡೆದರು. ಅರಳೆ ಹಿಂಜಿ ಬದುಕುವ ಬಡ ಮುಸಲ್ಮಾನರು ಅವರು, ಯಾರ ತಂಟೆಗೂ ಹೋದವರಲ್ಲ. ಉಟ್ಟ ಬಟ್ಟೆಯ ಮೇಲೆ ಊರು ಬಿಟ್ಟು ಹೋದರು. ಆ ಬಾಗಿಲು ಒಡೆದದ್ದಕ್ಕೆ ಮಾತ್ರ ಯಾರೂ ಅಂಜುಬುರುಕತನ ಅನ್ನಲಿಲ್ಲ.

ಅಕ್ಕ ಇನ್ನೂ ಸಣ್ಣವನಿದ್ದ ಒಬ್ಬನೇ ಮಗನನ್ನು ಎತ್ತಿಕೊಂಡು ತವರಿಗೆ, ಭಾಲ್ಕಿಗೆ ಹೋದಳು. ನಮ್ಮೂರಿನ ಬಾವಿಕಟ್ಟೆಯ ಮಾತು ಭಾಲ್ಕಿಯ ಬಾವಿಕಟ್ಟೆಗೂ ಬೀಗರ ಬಾಯಲ್ಲಿ ಹೋಗಿ ಮುಟ್ಟಿತು. ಗಂಡನ ಹೆಸರು ಎತ್ತಿದವರ ಜೊತೆ ಬೀದಿಯಲ್ಲಿ ನಿಂತು ಜಗಳಾಡುತ್ತಿದ್ದಳು. ಕಣದಲ್ಲಿ ಬಂದೂಕಿನ ಮುಂದೆ ನಿಂತ ಕಥೆ ಹೇಳುತ್ತಿದ್ದಳು. ಕೇಳಿದವರು ಹೂಂ ಅನ್ನುತ್ತಿದ್ದರು, ಅವಳ ಬೆನ್ನು ತಿರುಗಿದ ಮೇಲೆ ನಗುತ್ತಿದ್ದರು. ಅಂಜುಬುರುಕನ ಮಗ ಅಂತ ಹುಡುಗನನ್ನು ಸಾಲಿಯಲ್ಲಿ ಯಾರೋ ಅಂದರಂತೆ. ಅವತ್ತು ಅಕ್ಕ ಒಂದು ನಿರ್ಧಾರ ಮಾಡಿದಳು. ಈ ಹುಡುಗನ ಎದೆ ಕಬ್ಬಿಣ ಆಗಬೇಕು.

ತುಪ್ಪಕ್ಕೆ ಅವಳ ತವರಿನಲ್ಲಿ ಬರವಿರಲಿಲ್ಲ. ರೊಟ್ಟಿಗೆ ತುಪ್ಪ, ಬೆಲ್ಲಕ್ಕೆ ತುಪ್ಪ, ಬರೀ ತುಪ್ಪ. ಹುಡುಗ ಗಟ್ಟಿಮುಟ್ಟಾಗಿ ಬೆಳೆದ, ಕುಸ್ತಿಯ ತಾಲೀಮಿಗೆ ಹೋದ. ಹರೆಯಕ್ಕೆ ಬರುವಾಗ ಕಣ್ಣಿನ ತುದಿಯಲ್ಲಿ ಆ ಹಳದಿ ಕಾಳು ಮೂಡಿದಾಗ ಅಕ್ಕ ನನ್ನನ್ನು ಕರೆಸಿ ತೋರಿಸಿದಳು. ಮಗನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ನೋಡು ತಂಗಿ, ಅವರೇ ಬಂದಾರ" ಅಂದಳು. ಎಷ್ಟು ವರ್ಷಕ್ಕೆ ನಕ್ಕಿದ್ದಳು! ಹುಡುಗ ಕರೆಂಟ್ ಕಂಬ ಹತ್ತುವ ಲೈನ್‌ಮನ್ ಆದ. ಬೇರೆ ತಾಯಂದಿರು ಅಂಥ ಕೆಲಸ ಬೇಡ ಅಂತ ಅಳುತ್ತಾರೆ. ಅಕ್ಕ ಊರಿಗೆಲ್ಲ ಸಕ್ಕರೆ ಹಂಚಿದಳು. ಮಗ ಕಂಬದ ತುದಿಯಲ್ಲಿ ನಿಂತಿದ್ದರೆ ಓಣಿಯ ಮಂದಿಯನ್ನು ಕರೆದು ಕರೆದು ತೋರಿಸುತ್ತಿದ್ದಳು.

ಅವನೂ ಹೋದ. ಅಪ್ಪ ಹೋದ ವಯಸ್ಸಿನ ಆಸುಪಾಸಿನಲ್ಲೇ, ಮದುವೆಯಾಗಿ ಒಂದು ಗಂಡು ಕೂಸು ಆದ ಮೇಲೆ. ಕಂಬದಿಂದ ಇಳಿದು ಎದೆ ಹಿಡಿದುಕೊಂಡು ಕೂತವನನ್ನು ಬೀದರಿನ ಒಂದು ದವಾಖಾನೆಗೆ ಹಾಕಿದೆವು. ಎರಡನೇ ದಿನ ಉಸಿರು ನಿಂತಿತು. ಆಗ ಅಲ್ಲಿದ್ದ ಡಾಕ್ಟರ್ ಅವನ ರೆಪ್ಪೆಯ ಮೇಲಿನ ಕಾಳು ಮುಟ್ಟಿ ನೋಡಿ, ನಾಳದಲ್ಲಿ ಕೊಬ್ಬು ಕಟ್ಟಿದೆ, ಇಷ್ಟು ಸಣ್ಣ ವಯಸ್ಸಿಗೆ ಎಷ್ಟು ತುಪ್ಪ ತಿನ್ನಿಸಿದ್ದೀರಿ ಅಂತ ಕೇಳಿದ. ಬೈಯಬೇಕು ಅಂತ ಕೇಳಿರಲಿಕ್ಕಿಲ್ಲ, ಕೆಲಸದ ಗಡಿಬಿಡಿಯಲ್ಲಿ ಕೇಳಿದ. ಅಕ್ಕ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು...

ಅವತ್ತಿನಿಂದ ಅವಳು ತುಪ್ಪ ಮುಟ್ಟಲಿಲ್ಲ. ಆಮೇಲೆ ಎಣ್ಣೆ ಬಿಟ್ಟಳು, ಹಾಲು ಬಿಟ್ಟಳು. ಒಣ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದಳು. ನಾನು ಹೋದಾಗೆಲ್ಲ ಬಯ್ಯುತ್ತಿದ್ದೆ, ಜೀವ ಇರುವ ತನಕ ಉಣ್ಣಬೇಕು, ಮೊಮ್ಮಗನ ಮುಖ ನೋಡು ಅಂತ. ಮೊಮ್ಮಗನನ್ನು ಎತ್ತಿಕೊಳ್ಳುತ್ತಿದ್ದಳು, ಆದರೆ ಒಂದು ತುತ್ತೂ ತನ್ನ ಕೈಯಾರೆ ತಿನ್ನಿಸಲಿಲ್ಲ. ಕೂಸು ಬಾಯಿ ತೆರೆದು ಅವಳ ಕಡೆ ಬಗ್ಗಿದರೂ ಸೊಸೆಯನ್ನು ಕೂಗುತ್ತಿದ್ದಳು.

ಆ ಕೂಸೇ ಈಗ ಸ್ಟೆಂಟ್ ಹಾಕಿಸಿಕೊಂಡವನು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ನಮ್ಮ ಕಡೆಯವಳೇ. ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ, ಮನೆತನದ ವಿಷಯ ಕೇಳಬೇಕು ಅಂದಿದ್ದಳಂತೆ. ಹಿರಿಯರು ಅಂದರೆ ಉಳಿದವಳು ನಾನೊಬ್ಬಳೇ. ಹೋದೆ. ಸಣ್ಣ ವಯಸ್ಸಿನಲ್ಲಿ ಯಾರಾದರೂ ಹೀಗೆ ಹೋಗಿದ್ದಾರೇನು ಅಂತ ಕೇಳಿದಳು. ಕಣದಲ್ಲಿ ಕುಸಿದ ಮಾವನಿಂದ ಹಿಡಿದು ಹೇಳಿದೆ. ಭಾವನ ವಿಷಯ ಬಂದಾಗ, "ಅವರು ಅಂಜಿಕಿಲಿಂದ ಹೋದ್ರು ಅಂತ ಊರ ಮಂದಿ ಅಂತಿದ್ರವ್ವ" ಅಂದೆ.

"ಏನೇನು ಆಗ್ತಿತ್ತು ಹೇಳ್ರಿ ಅಮ್ಮಾರ" ಅಂದಳು. ಮೆಟ್ಟಿಲು, ಬೆವರು, ಎಡಗೈ, ಕೂತರೆ ಆರಾಮ, ಎಲ್ಲ ಹೇಳಿದೆ. ಅವಳು ತಲೆ ಅಲ್ಲಾಡಿಸಿ, "ಅಂಜಿಕಿ ಅಲ್ರಿ ಅದು. ಇದೇ ಬೇಮಾರಿ. ನಾಳ ಸಣ್ಣ ಆಗಿರ್ತದ. ಕುಂತಾಗ ಸಾಲುವಷ್ಟು ರಕ್ತ ಹೋಗ್ತದ, ಹತ್ತುವಾಗ ಸಾಲೂದಿಲ್ಲ" ಅಂದಳು. ಅಷ್ಟು ಸಲೀಸಾಗಿ ಅಂದಳು. ಆ ಮಾತಿಗಾಗಿ ಒಬ್ಬಳು ಊರೂರಿನ ಬಾವಿಕಟ್ಟೆಯಲ್ಲಿ ಜಗಳಾಡಿದ್ದಳು ಅಂತ ಆ ಹುಡುಗಿಗೆ ಹ್ಯಾಂಗ ಗೊತ್ತಿರಬೇಕು?

ತುಪ್ಪದ ವಿಷಯ ನಾನೇ ಕೇಳಿದೆ. ತುಪ್ಪ ಒಳ್ಳೆಯದಲ್ಲ, ಆದರೆ ಈ ಮನೆತನದಲ್ಲಿ ಅದು ಮೂಲ ಅಲ್ಲ ಅಂದಳು. ರಕ್ತದಲ್ಲಿರುವ ಕೊಬ್ಬನ್ನು ಯಕೃತ್ತು ಎಳೆದುಕೊಂಡು ಕಡಿಮೆ ಮಾಡಬೇಕು; ಇವರಿಗೆ ಹುಟ್ಟುತ್ತಲೇ ಆ ಶಕ್ತಿ ಅರ್ಧ. ಒಣ ರೊಟ್ಟಿ ತಿಂದು ಬೆಳೆದಿದ್ದರೂ ಕೊಲೆಸ್ಟ್ರಾಲ್ ಏರಿಯೇ ಇರುತ್ತಿತ್ತು, ಕಣ್ಣಿನ ಕಾಳು ಅದರದೇ ಗುರುತು. ಮೊದಲು ಇದನ್ನು ವಯಸ್ಸಾದವರ ರೋಗ ಅಂತಿದ್ದರು, ನಾಳದಲ್ಲಿ ಕೊಬ್ಬು ಕಟ್ಟುವುದು ಸಣ್ಣ ಮಕ್ಕಳಲ್ಲೇ ಶುರುವಾಗುತ್ತದೆ ಅಂತ ಈಗ ಗೊತ್ತಾಗಿದೆ ಅಂದಳು. ಮೊಮ್ಮಗನ ಸಣ್ಣ ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಆ ಕೂಸಿಗೂ ಇದೆ. ಆದರೆ ಗುಳಿಗೆ ಇವೆ, ದೊಡ್ಡವಳಾದ ಮೇಲೆ ಬೇಕಾದರೆ ವರ್ಷಕ್ಕೆ ಎರಡೇ ಸಲ ಚುಚ್ಚುವ ಸೂಜಿಯೂ ಬಂದಿದೆಯಂತೆ. ಈಗಿಂದಲೇ ಸಂಭಾಳಿಸಿದರೆ ಎಲ್ಲರ ಹಾಗೆ ಬದುಕುತ್ತಾಳೆ ಅಂದಳು. ನಾನು ಅಕ್ಕನ ಒಣ ರೊಟ್ಟಿ ನೆನೆದು ಅಳುತ್ತ ಕೂತಿದ್ದೆ. ಕೂಸಿಗಾಗಿ ಅಳುತ್ತಿದ್ದೇನೆ ಅಂತ ಅವರು ತಿಳಿದರು.

ಏಳುವಾಗ ಡಾಕ್ಟರಮ್ಮ, "ಅವತ್ತೂ ನಡುವ ಕುಂತಿದ್ರೇನ್ರಿ ಅವರು?" ಅಂತ ಕೇಳಿದಳು.

"ಇಲ್ಲವ್ವ. ಅವತ್ತು ಕುಂದ್ರಲಿಲ್ಲ."

"ಕುಂತಿದ್ರ ಅವತ್ತು ಉಳೀತಿದ್ರೋ ಏನೋ. ಎದಿ ತಾನೇ ಕುಂದ್ರು ಅಂತ ಹೇಳ್ತಿತ್ತಲ್ಲ" ಅಂದು ಮುಂದಿನ ರೋಗಿಯನ್ನು ಕರೆದಳು.

ಮುಂದಿನ ವಾರ ಮೊಮ್ಮಗನಿಗೆ ಗಂಟುಬಿದ್ದು ಕಾರಿನಲ್ಲಿ ನಮ್ಮೂರಿಗೆ ಕರೆದುಕೊಂಡು ಹೋದೆ. ಬುರುಜು ಅರ್ಧ ಬಿದ್ದಿದೆ, ಕಲ್ಲುಗಳು ಮನೆಗಳ ಪಾಯಕ್ಕೆ ಹೋಗಿವೆ. ಆ ಕಾಲದವನು ಅಂದರೆ ಒಬ್ಬನೇ ಉಳಿದಿದ್ದಾನೆ, ಗೌಡರ ಮನೆಯ ಅದೇ ನಾಲಿಗೆಯವನು. ಹೊರಸಿನ ಮೇಲೆ ಮುದುಡಿ ಕೂತಿದ್ದ. ಅವನ ಕಿವಿಯ ಹತ್ತಿರ ಬಗ್ಗಿ ಭಾವನ ಹೆಸರು ಹೇಳಿ, ಅದು ಅಂಜಿಕೆ ಅಲ್ಲವಂತೆ, ನಾಳದ ರೋಗವಂತೆ, ಡಾಕ್ಟರೇ ಹೇಳಿದರು ಅಂತ ಕೂಗಿದೆ. ಓಣಿಯ ಮಂದಿ ಕೇಳಲಿ ಅಂತಲೇ ಕೂಗಿದೆ.

"ಯಾರ್ರಿ ಅವರು? ನನಗ ನೆಪ್ಪಿಲ್ಲರಿ" ಅಂದ.

ಬುರುಜು, ಪಹರೆ, ನೀನೇ ಅಂದ ಮಾತು ಅಂತ ಎಲ್ಲ ಹೇಳಿದೆ. ಅವನು ನನ್ನ ಮುಖ ನೋಡಿ ನಕ್ಕು, ಚಹಾ ಕುಡಿಯಿರಿ ಅಂದ. ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ನೆನಪಿರಲಿಲ್ಲ. ಓಣಿಯಲ್ಲಿ ನಿಂತ ಹುಡುಗರು ಯಾರೋ ಹುಚ್ಚು ಮುದುಕಿ ಬಂದಿದ್ದಾಳೆ ಅಂತ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ನಾನು ಕಾರು ಹತ್ತಿದೆ.

ಮನೆಗೆ ಬಂದ ಮೇಲೆ ಅಕ್ಕನ ಕೊನೆಯ ದಿನಗಳು ನೆನಪಾದವು. ನಾನು ಭಾಲ್ಕಿಯಲ್ಲಿ ಅವಳ ಹತ್ತಿರವೇ ಇದ್ದೆ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ, ನಾನು ಅವಳ ತಲೆ ಬಾಚುತ್ತಿರುವಾಗ, "ತಂಗಿ, ಅವರು ಅಂಜಿಕಿಲಿಂದನೇ ಹೋದ್ರು ಬಿಡು" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಜನ್ಮವೆಲ್ಲ ಅಲ್ಲ ಅಂತ ಹೋರಾಡಿದವಳು ಈಗ ಹೀಗೆ ಅನ್ನುತ್ತೀಯಲ್ಲ ಅಂದೆ. "ಹೌದು, ಅಂಜಿಕಿನೇ. ಊರೆಲ್ಲಾ ಅದೇ ಅಂತಿತ್ತಲ್ಲ... ಹೌದಲ್ಲ ತಂಗಿ?" ಅಂದಳು. ಅಷ್ಟರಲ್ಲಿ ಸೊಸೆ ಗಂಜಿ ತಂದಳು, ಮಾತು ಅಲ್ಲಿಗೇ ನಿಂತಿತು. ಮತ್ತೆ ಅವಳು ಆ ಮಾತು ಎತ್ತಲಿಲ್ಲ, ಎತ್ತುವಷ್ಟು ದಿನವೂ ಇರಲಿಲ್ಲ. ಮಂದಿಯ ಜೊತೆ ಬಡಿದಾಡಿ ಸೋತುಹೋದಳು ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಸೋತಿರಲಿಲ್ಲ. ಡಾಕ್ಟರಮ್ಮ ಓದಿ ತಿಳಿದದ್ದನ್ನು ಅಕ್ಕ ಗಂಡನ ಮುಖ ನೋಡಿಯೇ ತಿಳಿದಿದ್ದಳು. ಕೂತರೆ ಆರಾಮ ಆಗುತ್ತದೆ ಅಂತ ದಿನಾ ನೋಡಿದವಳು ಅವಳೇ, ಆ ಮುಂಜಾನೆ ನಡುವೆ ಕೂರಬೇಡ ಅಂದವಳೂ ಅವಳೇ. ಅಂಜಿ ಸತ್ತಿದ್ದರೆ ಅವಳು ಬರೀ ವಿಧವೆ. ಅಂಜದೆ ಸತ್ತಿದ್ದರೆ ಕೊಂದದ್ದು ಆ ಒಂದು ಮಾತು ಅನ್ನುವುದು ಅವಳ ಪಾಲಿಗೆ ಉಳಿಯುತ್ತಿತ್ತು. ಅದನ್ನು ಎದೆಯಲ್ಲಿಟ್ಟುಕೊಂಡೇ ಗಂಡ ಅಂಜುಬುರುಕ ಅಲ್ಲ ಅಂತ ಊರಿನ ಮುಂದೆ ಅಷ್ಟು ವರ್ಷ ವಾದ ಮಾಡಿದಳು. ಕೊನೆಗೆ ಒಂದೇ ಒಂದು ಸಲ, ಹೊರಲಾರದೆ, ನನ್ನ ಬಾಯಿಂದ ಹೂಂ ಅನ್ನಿಸಿಕೊಳ್ಳಬೇಕು ಅಂದುಕೊಂಡಳು.

ಅಕ್ಕ ಇವತ್ತು ಬಂದು ಎದುರಿಗೆ ಕೂತು ಕೇಳಿದರೆ ಡಾಕ್ಟರಮ್ಮ ಹೇಳಿದ್ದು ನನ್ನ ಬಾಯಿಂದ ಬರುವುದಿಲ್ಲ. ಹೌದಕ್ಕ, ಅಂಜಿಕಿಲಿಂದನೇ ಹೋದ್ರು ಅಂತೇನೆ.